ಅರ್ಧ ಬಾಟಲಿಯ ಕಾಲದ ತಾಯಿಗೆ

ಗಾಳಿಕೇರಿ, ಕಪ್ಪತಗುಡ್ಡದ ಬುಡ
ಒಣಮಾಸದ ಮೂವತ್ತನಾಲ್ಕು, ೨೧೯೮

ತಾಯೀ,

ತಾರೀಖು ನೋಡಿ ನಗಬೇಡ. ನಮ್ಮಲ್ಲಿ ತಿಂಗಳಿಗೆ ಮೂವತ್ತಾರು ದಿನ. ಗುಡ್ಡದ ಮೇಲಿನ ಕೆರೆಯಿಂದ ಓಣಿ ಓಣಿಗೆ ನೀರು ಬಿಡುವ ಸರದಿ ಮೂವತ್ತಾರು ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ. ಅದಕ್ಕೆ ಹೊಂದಿಸಿ ನಮ್ಮ ಹಿರಿಯರು ಪಂಚಾಂಗವನ್ನೇ ತಿದ್ದಿಬಿಟ್ಟರು. ವರ್ಷದ ಕೊನೆಗೆ ಉಳಿಯುವ ಐದು ದಿನಗಳಿಗೆ ಹೆಸರೂ ಇಲ್ಲ, ಶಾಲೆಯೂ ಇಲ್ಲ. ಹೀಗೆ ನಿನಗೆ ಗುರುತು ಸಿಗದ ಮಾತುಗಳು ಈ ಕಾಗದದಲ್ಲಿ ಇನ್ನೂ ಬರುತ್ತವೆ, ಕ್ಷಮಿಸು. ನಿನ್ನನ್ನು ಹೇಗೆ ಕರೆಯಬೇಕು ಎನ್ನುವುದೂ ನನಗೆ ತಿಳಿಯಲಿಲ್ಲ. ನೀನು ನನಗಿಂತ ನೂರಾ ನಲವತ್ತು ವರ್ಷ ಮೊದಲು ಹುಟ್ಟಿದವಳು, ಆ ಲೆಕ್ಕಕ್ಕೆ ಕಾಲಿಗೆ ಬೀಳಬೇಕು. ಆದರೆ ಇದನ್ನು ಓದುವಾಗ ನಿನಗೆ ಮೂವತ್ತು ದಾಟಿರಲಿಕ್ಕಿಲ್ಲ, ನನಗೆ ಅರವತ್ತೆರಡು. ನಮ್ಮ ಕಡೆ ಅವ್ವನಿಗೂ ನೀನು ಎನ್ನುತ್ತೇವೆ, ಮಗಳಿಗೂ ನೀನು ಎನ್ನುತ್ತೇವೆ. ಹಾಗಾಗಿ ನೀನು ಎಂದೇ ಬರೆಯುತ್ತೇನೆ.

ನನ್ನ ಹೆಸರು ನೀಲಗಂಗವ್ವ ಹರ್ಲಾಪುರ. ಕೂತಿರುವುದು ನಮ್ಮೂರ ದವಾಖಾನೆಯ ಜಗಲಿಯ ಮೇಲೆ. ಇಲ್ಲಿ ರೋಗಿಗಳ ಕಡೆಯವರಿಗೆ ಒಂದು ಹಲಗೆ, ಒಂದಿಷ್ಟು ಹಾಳೆ, ಒಂದು ಪೆನ್ನು ಕೊಟ್ಟು ಕೂರಿಸುತ್ತಾರೆ. ಹಿಂದಿನ ಕಾಲದವರಿಗೆ ಬರೆಯುವ ಈ ಕಾಗದಕ್ಕೆ ಹಿಂದೋಲೆ ಎಂದು ಹೆಸರು. ಅದು ನಿಮ್ಮನ್ನು ಮುಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬರೆಯುತ್ತ ಕೂತರೆ ಡಾಕ್ಟರರ ತಲೆ ತಿನ್ನುವುದು ಕಡಿಮೆಯಾಗುತ್ತದೆ ಎಂಬುದಷ್ಟೇ ಇದರ ಹಿಂದಿನ ಹುನ್ನಾರ ಎಂದು ನನ್ನ ಅನುಮಾನ. ನನ್ನ ವಿಷಯದಲ್ಲಿ ಅದೂ ಫಲಿಸಿಲ್ಲ. ಈ ಒಂದು ಪುಟ ಬರೆಯುವಷ್ಟರಲ್ಲಿ ನಾನು ಐದು ಸಲ ಎದ್ದು ಒಳಗೆ ಹೋಗಿ ಬಂದಿದ್ದೇನೆ.

ಒಳಗೆ ಎರಡನೆಯ ಕೋಣೆಯಲ್ಲಿ ನನ್ನ ಮೊಮ್ಮಗಳು ಚಿತ್ಕಳಾ ಮಲಗಿದ್ದಾಳೆ. ಏಳು ವರ್ಷ. ಇವತ್ತಿಗೆ ಜ್ವರ ನಾಲ್ಕನೆಯ ದಿನ, ಬೆಳಿಗ್ಗೆ ನೂರಾ ಮೂರು ಇತ್ತು. ಅವಳ ತಾಯಿ, ನನ್ನ ಮಗಳು ಶಾಂಭವಿ, ಸಮುದ್ರದೊಳಗಿನ ಗಾಳಿಯಂತ್ರಗಳ ರೆಕ್ಕೆ ರಿಪೇರಿಗೆ ಹೋಗಿ ಎರಡು ತಿಂಗಳಾಯಿತು. ಮಗುವನ್ನು ನನ್ನ ಮಡಿಲಿಗೆ ಹಾಕಿ ನಿಶ್ಚಿಂತೆಯಾಗಿ ಹೋದಳು. ನಿಶ್ಚಿಂತೆ ಯಾಕೆಂದರೆ, ಈ ರೋಗ, ಮೂತ್ರದ ಸೋಂಕು, ಮಕ್ಕಳಿಗೆ ಬರದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ನಾನು ಗಾಳಿಕೇರಿ ಶಾಲೆಯ ಗಂಟೆಯವ್ವ.

ಗಂಟೆಯವ್ವ ಎಂದರೆ ಪಾಠದ ಗಂಟೆ ಹೊಡೆಯುವವಳು ಎಂದುಕೊಳ್ಳಬೇಡ. ನನ್ನದು ಹೋಗಿಬಾ ಗಂಟೆ. ನಿಮ್ಮ ಕಾಲದಲ್ಲಿ ಮಕ್ಕಳು ಕಿರುಬೆರಳು ಎತ್ತಿ ಅಪ್ಪಣೆ ಕೇಳುತ್ತಿದ್ದರಂತೆ, ಮಾಸ್ತರು ಈಗ ಬೇಡ, ಪಾಠ ಮುಗಿಯಲಿ ಎನ್ನುತ್ತಿದ್ದರಂತೆ. ಕೆಲವು ಕಡೆ ಪಾಯಿಖಾನೆಗೆ ಬೀಗ ಹಾಕಿ ಕೀಲಿಯನ್ನು ಹೆಡ್ಮಾಸ್ತರರ ಮೇಜಿನಲ್ಲಿ ಇಡುತ್ತಿದ್ದರಂತೆ. ಹೆಣ್ಣುಮಕ್ಕಳು ಬೆಳಿಗ್ಗೆ ಮನೆಯಲ್ಲಿ ಹೋದರೆ ಮತ್ತೆ ಸಂಜೆ ಮನೆಗೆ ಬಂದೇ ಹೋಗುವುದು. ಇದನ್ನು ಕೇಳಿದ ನಮ್ಮ ಮಕ್ಕಳು ನಂಬುವುದಿಲ್ಲ, ಕಥೆ ಕಟ್ಟುತ್ತೀ ಎನ್ನುತ್ತಾರೆ. ನಮ್ಮಲ್ಲಿ ಎರಡು ತಾಸಿಗೊಮ್ಮೆ ಗಂಟೆ ಬಾರಿಸುತ್ತದೆ. ಬೇಕಿರಲಿ ಬೇಡದಿರಲಿ, ಎಲ್ಲರೂ ಎದ್ದು ಹೋಗಬೇಕು. ಹೋಗುವ ಮೊದಲೇ ಒಂದು ಲೋಟ ನೀರು ಕುಡಿಯಬೇಕು. ಕೂತಾಗ ಕಾಲು ಜೋತಾಡದಂತೆ ಪಾದದ ಕೆಳಗೆ ಹಲಗೆ ಇಟ್ಟಿದ್ದೇವೆ. ಮೊಣಕಾಲು ಅಗಲಿಸಿ ಮೈ ಸಡಿಲ ಬಿಟ್ಟು ಕೂತರೆ ಮೂತ್ರಚೀಲ ಪೂರ್ತಿ ಖಾಲಿಯಾಗುತ್ತದೆ. ಆಯಿತು ಎಂದು ಓಡಿ ಬರುವಂತಿಲ್ಲ. ಇಪ್ಪತ್ತು ಎಣಿಸಿ ಇನ್ನೊಂದು ಸಲ ಪ್ರಯತ್ನಿಸಬೇಕು. ಒರೆಸುವುದು, ತೊಳೆಯುವುದು ಮುಂದಿನಿಂದ ಹಿಂದಕ್ಕೆ, ಎಂದಿಗೂ ಹಿಂದಿನಿಂದ ಮುಂದಕ್ಕೆ ಅಲ್ಲ. ಹಿಂದೆ ಇರುವ ರೋಗಾಣು ಮುಂದೆ ಬಂದರೆ ಹೆಣ್ಣುಮಗುವಿಗೆ ದಾರಿ ಬಹಳ ಗಿಡ್ಡ, ಬೇಗ ಮೇಲೇರುತ್ತದೆ. ಒಳಚಡ್ಡಿ ಹತ್ತಿಯದು, ಸಡಿಲಾದದ್ದು. ಮಲಬದ್ಧತೆ ಇರುವ ಮಕ್ಕಳ ಪಟ್ಟಿ ನನ್ನ ಹತ್ತಿರ ಬೇರೆ ಇದೆ, ಅವರ ಬುತ್ತಿಯಲ್ಲಿ ಸೊಪ್ಪು, ಕಾಳು, ಪೇರಲಹಣ್ಣು ಇದೆಯೋ ಇಲ್ಲವೋ ನಾನೇ ಮುಚ್ಚಳ ತೆಗೆದು ನೋಡುತ್ತೇನೆ. ಹೊಟ್ಟೆ ಕಟ್ಟಿದ್ದರೆ ಮೂತ್ರವೂ ಸರಿಯಾಗಿ ಬಿಡುವುದಿಲ್ಲ, ಇದು ಎಷ್ಟು ತಾಯಂದಿರಿಗೆ ಹೇಳಿದರೂ ಹೊಸ ಸುದ್ದಿ ಕೇಳಿದಂತೆ ಕಣ್ಣು ಬಿಡುತ್ತಾರೆ.

ಇಷ್ಟೆಲ್ಲ ಯಾಕೆ ಎನ್ನುತ್ತೀ? ನಮ್ಮ ಹತ್ತಿರ ಮದ್ದು ಕಡಿಮೆ. ಇರುವ ಮದ್ದುಗಳನ್ನು ಮೆಟ್ಟಿಲು ಎಂದು ಕರೆಯುತ್ತೇವೆ. ಮೊದಲನೆಯ ಮೆಟ್ಟಿಲಿನ ಗುಳಿಗೆಗಳು ಈಗ ಯಾವ ರೋಗಾಣುವಿಗೂ ಲೆಕ್ಕಕ್ಕಿಲ್ಲ, ಹೆಸರಿಗೆ ಇವೆ. ಎರಡನೆಯ ಮೆಟ್ಟಿಲು ಊರ ದವಾಖಾನೆಯಲ್ಲಿ ಸಿಗುತ್ತದೆ, ಅರ್ಧಕ್ಕರ್ಧ ಕೆಲಸ ಮಾಡುತ್ತದೆ. ಮೂರನೆಯದು ಮದ್ದಿನ ಕಣಜದಲ್ಲಿ ಬೀಗದೊಳಗೆ. ಅದು ಬೇಕೆಂದರೆ ಡಾಕ್ಟರರು ಪುರಾವೆ ಕಳಿಸಬೇಕು: ಮೂತ್ರವನ್ನು ಗಾಜಿನ ತಟ್ಟೆಯಲ್ಲಿ ಎರಡು ದಿನ ಕಾವಿಗಿಟ್ಟು ಯಾವ ರೋಗಾಣು ಬೆಳೆಯಿತು, ಅದು ಯಾವ ಮದ್ದಿಗೆ ಬಗ್ಗಲಿಲ್ಲ ಎಂಬ ಪುರಾವೆ. ನಾಲ್ಕನೆಯ ಮೆಟ್ಟಿಲು ಎಂಬುದಿಲ್ಲ. ಇದಕ್ಕೆ ಕಾರಣ ನೀವು ಎಂದು ನಮಗೆ ಶಾಲೆಯಲ್ಲಿ ಕಲಿಸುತ್ತಾರೆ. ಡಾಕ್ಟರರ ಚೀಟಿಯೂ ಇಲ್ಲದೆ ಅಂಗಡಿಯಲ್ಲಿ ಮದ್ದು ಕೊಂಡಿರಿ, ಜ್ವರ ಇಳಿದ ಕೂಡಲೇ ನಿಲ್ಲಿಸಿದಿರಿ, ಉಳಿದ ಅರ್ಧ ಬಾಟಲಿಯನ್ನು ಫ್ರಿಜ್ಜಿನ ಬಾಗಿಲಲ್ಲಿ ಇಟ್ಟು ಮುಂದಿನ ಜ್ವರಕ್ಕೆ, ಅಕ್ಕನಿಗೆ ಬರೆದದ್ದನ್ನು ತಂಗಿಗೆ, ಕುಡಿಸಿದಿರಿ. ಅರೆಬರೆ ಪೆಟ್ಟು ತಿಂದು ಬದುಕಿದ ರೋಗಾಣುಗಳು ಗಟ್ಟಿಯಾದವು. ಅದಕ್ಕೇ ನಿಮ್ಮ ಕಾಲಕ್ಕೆ ನಮ್ಮ ಪುಸ್ತಕಗಳಲ್ಲಿ ಅರ್ಧ ಬಾಟಲಿಯ ಕಾಲ ಎಂದು ಹೆಸರು.

ನಾನು ಹತ್ತೊಂಬತ್ತು ವರ್ಷ ಈ ಹೆಸರು ಹಿಡಿದು ನಿಮ್ಮನ್ನು ಮನಸಾರೆ ಬೈದಿದ್ದೇನೆ. ಯಾವ ಮಗುವಾದರೂ ಒಂದು ದಿನ ಮದ್ದು ತಪ್ಪಿಸಿದರೆ ಸಾಕು, "ಏನವಾ, ಅರ್ಧಬಾಟ್ಲಿ ಮಂದಿ ಮೊಮ್ಮಗಳೇನ ನೀ?" ಎಂದು ಓಣಿಗೆಲ್ಲ ಕೇಳುವಂತೆ ಗದರಿಸುತ್ತಿದ್ದೆ. ನನ್ನ ಬಾಯಿಗೆ ಹೆದರಿ ತಾಯಂದಿರು ದಾರಿ ಬದಲಿಸುತ್ತಿದ್ದರು. ಅದು ನನಗೆ ಹೆಮ್ಮೆಯೇ ಆಗಿತ್ತು.

ಮತ್ತೆ ಎದ್ದು ಹೋಗಿ ಬಂದೆ. ಮೈ ಕಾದ ಹಂಚಿನಂತಿದೆ. ಕಣ್ಣು ಬಿಟ್ಟು, "ಆಯಿ, ಸಾಲಿ ಬಿಡ್ತೇನ?" ಎಂದಳು. ನಮ್ಮಲ್ಲಿ ಅಜ್ಜಿಗೆ ಆಯಿ, ಶಾಲೆಗೆ ಸಾಲಿ ಎನ್ನುತ್ತಾರೆ.

ಈಗ ಚಿತ್ಕಳಾಳ ಸಂಗತಿ ಹೇಳುತ್ತೇನೆ, ಸುತ್ತು ಬಳಸಿ ಹೊತ್ತು ಕಳೆಯುವುದು ಸಾಕು. ನಮ್ಮ ಪಾಯಿಖಾನೆಯ ಬಾಗಿಲುಗಳಿಗೆ ಚಿಲಕ ಇಲ್ಲ. ಚಿಕ್ಕ ಮಕ್ಕಳು ಒಳಗೆ ಸಿಕ್ಕಿಕೊಳ್ಳಬಾರದೆಂದು ಬಿಟ್ಟದ್ದು. ಅದಕ್ಕೆ ಪ್ರತಿ ಸಾಲಿಗೂ ಒಬ್ಬಳು ಮುಂದಾಳು ಇರುತ್ತಾಳೆ, ಸಾಲಿನವರೆಲ್ಲ ಹೋಗಿ ಬರುವವರೆಗೆ ಬಾಗಿಲು ಹಿಡಿದು ನಿಲ್ಲುತ್ತಾಳೆ, ಕೊನೆಗೆ ತಾನು ಹೋಗುತ್ತಾಳೆ. ಮುಂದಾಳಾಗುವುದು ಮಕ್ಕಳಿಗೆ ದೊಡ್ಡ ಮರ್ಯಾದೆ. ಈ ವರ್ಷ ಒಣಮಾಸದ ಮೊದಲ ದಿನ ಚಿತ್ಕಳಾ ಮುಂದಾಳಾದಳು. ಅವಳ ಸಾಲಿನಲ್ಲಿ ಹದಿನಾಲ್ಕು ಪುಟಾಣಿಗಳು. ಒಬ್ಬೊಬ್ಬರೂ ಇಪ್ಪತ್ತು ಎಣಿಸಬೇಕು, ಎರಡೆರಡು ಸಲ ಕೂರಬೇಕು, ತೊಳೆದುಕೊಳ್ಳಬೇಕು. ಹದಿನಾಲ್ಕನೆಯವಳು ಹೊರಗೆ ಬರುವಷ್ಟರಲ್ಲಿ ಎರಡನೆಯ ಗಂಟೆ ಬಾರಿಸುತ್ತದೆ, ಎಲ್ಲರೂ ತರಗತಿಗೆ ಓಡಬೇಕು. ಆ ಎರಡನೆಯ ಗಂಟೆ ಹೊಡೆಯುವವಳು ನಾನೇ. ಒಂದು ಕ್ಷಣ ತಡ ಮಾಡಿದವಳಲ್ಲ. ಮೂವತ್ತು ದಿನ ಅವಳು ಶಾಲೆಯಲ್ಲಿ ಒಂದು ಸಲವೂ ಕೂತಿಲ್ಲ, ಬಾಗಿಲು ಹಿಡಿದು ನಿಂತಿದ್ದಾಳೆ, ನಾನು ಗಂಟೆ ಹೊಡೆದಿದ್ದೇನೆ. ಅವಳ ಸಾಲಿನ ಪುಟಾಣಿಗಳು ನಿನ್ನೆ ಹೇಳಿದ ಮೇಲೆ ತಿಳಿಯಿತು. ಕಣ್ಣೆದುರಿಗೆ ನಡೆದದ್ದು, ತಾಯೀ. ನನಗೆ ಕಾಣಿಸಲಿಲ್ಲ.

ಅಷ್ಟೇ ಅಲ್ಲ. ಹೋಗಲು ಪುರುಸೊತ್ತಿಲ್ಲವೆಂದು ಅವಳು ನೀರು ಕುಡಿಯುವುದನ್ನೂ ಬಿಟ್ಟಳು. ನಮ್ಮದು ಉಳಿಸುವ ಊರು. ನೀರು, ಬೆಳಕು, ಬಟ್ಟೆಯ ತುಂಡು, ಎಲ್ಲವನ್ನೂ ಉಳಿಸುವುದನ್ನು ಎಳವೆಯಿಂದ ಕಲಿಸುತ್ತೇವೆ. ತನ್ನ ಪಾಲಿನಲ್ಲಿ ಉಳಿಸಿದ್ದನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಮಗುವಿಗೆ ಕೊರಳಿಗೆ ಒಂದು ನೀಲಿ ಮಣಿ ಕಟ್ಟುತ್ತಾರೆ, ಅದು ಉಳಿಕೆಮಣಿ. ಕುಡಿಯುವ ನೀರಿಗೆ ಆ ಮಣಿ ಸಲ್ಲದು ಎಂದು ನಿಯಮವಿದೆ. ಆದರೆ ಚಿತ್ಕಳಾ ತನ್ನ ಲೋಟದ ನೀರನ್ನು ಶಾಲೆಯ ಬೇವಿನ ಸಸಿಗೆ ಹಾಕುತ್ತಾಳೆ ಎಂದು ಗುರುಗಳು ಹೇಳಿದಾಗ ನಾನು ನಿಯಮ ಮರೆತು ಹಿಗ್ಗಿದೆ. ಮಣಿಯನ್ನು ನಾನೇ ಕಟ್ಟಿದೆ.

ಇದೇ ಮೂವತ್ತೊಂದನೆಯ ತಾರೀಖು ಬೆಳಿಗ್ಗೆ ಅವಳು ಒಂದಕ್ಕೆ ಹೋಗಿ ಅಳುತ್ತ ಬಂದಳು. ಉರಿ ಎಂದಳು. ಎರಡು ವರ್ಷದ ಹಿಂದೆ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟ ಮಗು ಹಿಂದಿನ ವಾರ ಎರಡು ಸಲ ಒದ್ದೆ ಮಾಡಿತ್ತು. ಮೂತ್ರಕ್ಕೆ ಕೆಟ್ಟ ವಾಸನೆ ಇತ್ತು. ಬೇರೆ ಯಾರದಾದರೂ ಮಗುವಾಗಿದ್ದರೆ ನಾನೇ ತೋಳು ಹಿಡಿದು ದವಾಖಾನೆಗೆ ಎಳೆದು ತರುತ್ತಿದ್ದೆ. ನನ್ನ ಮನೆಯದಾದ್ದರಿಂದ ಉಷ್ಣ ಆಗಿದೆ ಎಂದುಕೊಂಡೆ. ಹವೀಜ, ಅಂದರೆ ಕೊತ್ತಂಬರಿ ಬೀಜ, ನೆನೆಸಿದ ನೀರು ಕುಡಿಸಿ ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದೆ. ಗಂಟೆಯವ್ವನ ಮೊಮ್ಮಗಳಿಗೇ ಈ ರೋಗ ಬಂತು ಎಂದು ಊರು ಆಡಿಕೊಳ್ಳುವುದು ಬೇಡವಾಗಿತ್ತು. ಸಂಜೆಗೆ ಜ್ವರ ಏರಿತು, ಸೊಂಟದ ಹತ್ತಿರ ಮುಟ್ಟಿದರೆ ಚೀರಿದಳು.

ಆಗ ನಾನು ಟ್ರಂಕಿನ ತಳದಿಂದ ಒಂದು ಚಂಚಿ, ಬಟ್ಟೆಯ ಪುಟ್ಟ ಚೀಲ, ತೆಗೆದೆ. ಅದರಲ್ಲಿ ಆರು ಗುಳಿಗೆಗಳಿದ್ದವು.

ಅವು ಎಲ್ಲಿಂದ ಬಂದವು ಎಂದು ಕೇಳು. ಎರಡು ವರ್ಷದ ಹಿಂದೆ ಇದೇ ಮಗುವಿಗೆ ಒಮ್ಮೆ ಇದೇ ರೋಗ ಬಂದಿತ್ತು. ಹತ್ತು ದಿನಕ್ಕೆಂದು ಎರಡನೆಯ ಮೆಟ್ಟಿಲಿನ ಮದ್ದು ಕೊಟ್ಟರು, ದಿನಕ್ಕೆ ಎರಡು. ಏಳನೆಯ ದಿನಕ್ಕೆ ಮಗು ಗುಡ್ಡ ಹತ್ತಿ ಆಡುತ್ತಿತ್ತು. ಚೆನ್ನಾಗಿರುವ ಮಗುವಿನ ಬಾಯಿಗೆ ಇಷ್ಟು ಅಪರೂಪದ ಮದ್ದನ್ನು ಸುಮ್ಮನೆ ಸುರಿಯುವುದೇ ಎಂದು ನನಗೆ ಹೊಟ್ಟೆ ಉರಿಯಿತು. ಉಳಿಸುವ ಊರಿನವಳಲ್ಲವೇ? ಮುಂದಿನ ಕಷ್ಟಕ್ಕೆ ಇರಲಿ ಎಂದು ಕೊನೆಯ ಮೂರು ದಿನದ ಆರು ಗುಳಿಗೆಗಳನ್ನು ಎತ್ತಿಟ್ಟೆ. ಖಾಲಿ ಪೊಟ್ಟಣಗಳನ್ನು ದವಾಖಾನೆಗೆ ಮರಳಿ ಕೊಟ್ಟು ಎಲ್ಲ ಮುಗಿಸಿದ್ದೇವೆ ಎಂದು ಸಹಿ ಹಾಕಿದೆ. ಅದರ ಮರುದಿನವೂ ಶಾಲೆಯಲ್ಲಿ ಅರ್ಧಬಾಟ್ಲಿ ಮಂದಿ ಎಂದು ನಿಮ್ಮನ್ನು ಬೈದೆ. ಎರಡೂ ಒಂದೇ ಎಂದು ಹೊಳೆಯಲೇ ಇಲ್ಲ.

ಮೂವತ್ತೊಂದರ ಸಂಜೆ ಒಂದು, ಮರುದಿನ ಬೆಳಿಗ್ಗೆ ಒಂದು ಗುಳಿಗೆ ನುಂಗಿಸಿದೆ. ಜ್ವರ ಇಳಿಯಲಿಲ್ಲ, ವಾಂತಿ ಶುರುವಾಯಿತು. ಮಧ್ಯಾಹ್ನಕ್ಕೆ ಹೊತ್ತುಕೊಂಡು ಇಲ್ಲಿಗೆ ಓಡಿ ಬಂದೆ. ಇಲ್ಲಿನ ಡಾಕ್ಟರು ರೇಹಾನಾ ನದಾಫ್, ನಲವತ್ತರ ಹೆಂಗಸು, ಮಾತು ಕಡಿಮೆ. ಊರೆಲ್ಲ ಬಾಯಾರು ಎನ್ನುತ್ತದೆ. ಅವರು ಮೊದಲು ಮೂತ್ರ ಹಿಡಿಸಿದರು. ತೊಳೆದು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಶುದ್ಧ ಡಬ್ಬಿಯಲ್ಲಿ ಹಿಡಿಯುವುದು. ಮೊದಲು ಮೂತ್ರ, ಆಮೇಲೆ ಮದ್ದು ಎಂಬುದು ನಮ್ಮಲ್ಲಿ ಅ ಆ ಇ ಈ ಕಲಿಯುವ ಮಕ್ಕಳಿಗೂ ಗೊತ್ತು. ಮದ್ದು ಹೊಟ್ಟೆಗೆ ಹೋದ ಮೇಲೆ ಹಿಡಿದ ಮೂತ್ರ ನಿಜ ಹೇಳುವುದಿಲ್ಲ. ಬಾಯಾರು ಡಬ್ಬಿಗೆ ಹೆಸರು ಬರೆಯುತ್ತ ಕೇಳಿದರು.

"ಮನ್ಯಾಗ ಏನರ ಮದ್ದ ಕೊಟ್ಟೀರೇನ್ರಿ, ನೀಲಗಂಗವ್ವಾ?"

"ಹವೀಜದ ನೀರ ಬಿಟ್ರ ಏನೂ ಇಲ್ರೀ, ಬಾಯಾರ."

ಅವರು ನನ್ನ ಮುಖ ನೋಡಲೂ ಇಲ್ಲ. ಗಂಟೆಯವ್ವ ಸುಳ್ಳು ಹೇಳುತ್ತಾಳೆಂದು ಯಾರು ಅನುಮಾನಿಸುತ್ತಾರೆ?

ಜ್ವರದ ಮಗುವನ್ನು ಎರಡು ದಿನ ಸುಮ್ಮನೆ ಮಲಗಿಸಿ ತಟ್ಟೆ ಕಾಯುವಂತಿಲ್ಲ, ಕಿಡ್ನಿಗೆ ಪೆಟ್ಟಾಗುತ್ತದೆ. ಅದಕ್ಕೆ ಮೂತ್ರ ಹಿಡಿದ ಕೂಡಲೇ ಎರಡನೆಯ ಮೆಟ್ಟಿಲಿನ ಮದ್ದನ್ನೇ ರಕ್ತನಾಳದಲ್ಲಿ ಕೊಡಲು ಶುರುಮಾಡಿದರು. ಹಿಂದಿನ ಸಲ ಪೂರ್ತಿ ಹತ್ತು ದಿನ ಕೊಟ್ಟು ವಾಸಿಯಾಗಿತ್ತಲ್ಲ, ದಫ್ತರದಲ್ಲಿ ಹಾಗೇ ಇದೆಯಲ್ಲ. ಎರಡು ದಿನ ಕಳೆಯಿತು, ಜ್ವರ ಜಗ್ಗಲಿಲ್ಲ. ಈಗ ಸ್ವಲ್ಪ ಹೊತ್ತಿನ ಕೆಳಗೆ ಬಾಯಾರು ಹೊರಗೆ ಬಂದು ಜಗಲಿಯ ಕಟ್ಟೆಯ ಮೇಲೆ ನನ್ನ ಪಕ್ಕ ಕೂತರು. ಅವರು ಹಾಗೆ ಕೂತದ್ದನ್ನು ನಾನು ಹಿಂದೆ ನೋಡಿಲ್ಲ.

"ಮೂತ್ರದಾಗ ಕೀವಿನ ಕಣ ಬಾಳ ಅದಾವ್ರಿ. ತಾಟಿನಾಗ ಹುಳಾನ ಬೆಳದಿಲ್ಲ. ಬೆಳೀಬೇಕಿತ್ತು. ಯಾಕ ಬೆಳದಿಲ್ಲಂತ ನನಗ ತಿಳೀವಲ್ದು. ಪುರಾವೆ ಇಲ್ದ ಕಣಜದವರು ಮೂರನೇ ಮೆಟ್ಟಲದ್ದು ಕೊಡಂಗಿಲ್ಲ. ಜ್ವರಾ ಬ್ಯಾರೆ ಎಲ್ಲಿಂದರ ಬಂದೇತೇನಂತ ಹುಡುಕಬೇಕು. ನಾಳೆ ಮುಂಜಾನೆ ದೊಡ್ಡ ದವಾಖಾನಿಗೆ ಕಳಸ್ತೀನಿ, ಬೆನ್ನಾಗ ಸೂಜಿ ಹಾಕಿ ನೋಡ್ತಾರ."

ಯಾಕೆ ಬೆಳೆದಿಲ್ಲ ಎಂದು ನನಗೆ ಗೊತ್ತು. ಜಗತ್ತಿನಲ್ಲಿ ನನಗೊಬ್ಬಳಿಗೇ ಗೊತ್ತು. ನಾನು ಹೂಂ ಎಂದೆ, ಅವರು ಎದ್ದು ಒಳಗೆ ಹೋದರು, ನಾನು ಮತ್ತೆ ಈ ಹಲಗೆ ಎತ್ತಿಕೊಂಡೆ. ಇನ್ನೊಬ್ಬರ ತಪ್ಪಿನ ಮೇಲೆ ಎಷ್ಟು ಉದ್ದ ಬರೆದೆ ನೋಡು.

ಮದ್ದು ಕೂಡಿಟ್ಟವರು ಮಕ್ಕಳ ಗಂಟೆ ಹಿಡಿಯುವಂತಿಲ್ಲ ಎಂದು ನಮ್ಮಲ್ಲಿ ಕಟ್ಟಳೆ. ಹತ್ತೊಂಬತ್ತು ವರ್ಷದ ಗಂಟೆ ಹೋಗುತ್ತದೆ. ಹೋದರೆ ಹೋಗಲಿ ಎನ್ನುವಷ್ಟು ದೊಡ್ಡವಳು ನಾನಲ್ಲ. ಆ ಗಂಟೆ ಇಲ್ಲದೆ ಬೆಳಿಗ್ಗೆ ಎದ್ದು ಏನು ಮಾಡುವುದು ಎಂದು ನನಗೆ ತಿಳಿಯದು. ಆದರೆ ಅದಕ್ಕಿಂತ ಹೆಚ್ಚು ಕಾಡುವುದು ಶಾಂಭವಿಯ ಮುಖ. ನಾನು ಬೈದ ತಾಯಂದಿರ ಮುಖಗಳು. ಏನೇನೋ ಲೆಕ್ಕ ಹಾಕುತ್ತಿದ್ದೇನೆ: ಇನ್ನೊಂದು ಸಲ ಮೂತ್ರ ಹಿಡಿದರೆ ಬೆಳೆಯಬಹುದೇ, ಜ್ವರ ತಾನಾಗಿ ಇಳಿಯಬಹುದೇ, ಸಂಜೆಯವರೆಗೆ ನೋಡೋಣವೇ. ಒಳಗೆ ಅವಳು ನರಳುವುದು ಇಲ್ಲಿಗೆ ಕೇಳಿಸುತ್ತಿದೆ. ನಾನು ಕಿವಿ ಆಚೆ ತಿರುಗಿಸಿ ನಿನಗೆ ಬರೆಯುತ್ತಿದ್ದೇನೆ. ಇಂಥ ಹೆಂಗಸು ನಾನು.

ಪೆನ್ನು ಕೆಳಗಿಡುತ್ತೇನೆ.

*

ಒಣಮಾಸದ ಮೂವತ್ತಾರು, ಬೆಳಿಗ್ಗೆ

ಹೇಳಿದೆ.

ಮೊನ್ನೆ ಪೆನ್ನು ಕೆಳಗಿಟ್ಟು, ಹೇಗೆ ಹೇಳಬೇಕೆಂದು ಏನೇನೋ ಜೋಡಿಸಿಕೊಂಡು ಹೋಗಿದ್ದೆ. ಬಾಯಾರ ಕೋಣೆಯಲ್ಲಿ ಅದನ್ನೆಲ್ಲ ಬಿಟ್ಟೆ. ಸೊಂಟದಿಂದ ಚಂಚಿ ತೆಗೆದು ಉಳಿದ ನಾಲ್ಕು ಗುಳಿಗೆಗಳನ್ನು ಅವರ ಮೇಜಿನ ಮೇಲೆ ಸುರಿದೆ. ಆಮೇಲೆ ಅತ್ತೆ. ಅರವತ್ತೆರಡು ವರ್ಷದ ಮುದುಕಿ ಮೂಗು ಸುರಿಸಿಕೊಂಡು ಅಳುವುದು ನೋಡಲು ಚೆಂದವಲ್ಲ. ಬಾಯಾರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿ ಎಂದೂ ಅನಿಸಿತ್ತು. ಅವರು ಬರಿ ಪೆನ್ನು ತೆಗೆದರು.

"ಎಷ್ಟ ಕೊಟ್ರಿ? ಯಾವಾಗ ಯಾವಾಗ? ಹಿಂದಿನ ಸಲ ಎಷ್ಟನೇ ದಿನಕ್ಕ ನಿಲ್ಲಿಸಿದ್ರಿ?" ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಬರೆಯುತ್ತ ಬರೆಯುತ್ತ ಅವರ ಹಣೆಯ ಗಂಟು ಸಡಿಲಾಯಿತು. "ಈಗ ತಿಳೀತ್ರಿ. ಮೂತ್ರದಾಗ ಮದ್ದು ದಟ್ಟ ಇರತೇತಿ, ಅಲ್ಲಿದ್ದ ಹುಳ ಸುಮ್ಮನಾಗ್ಯಾವ, ಅದಕ್ಕ ತಾಟು ಖಾಲಿ. ಕಿಡ್ನಿಯೊಳಗ ಅಡಗಿದ್ದು ಹಂಗ ಅದಾವ. ಈ ಮದ್ದಿಗೆ ಅವು ಬಗ್ಗಂಗಿಲ್ಲ. ಇದನ್ನ ಪುರಾವೆ ಅಂತ ಕಳಸ್ತೀನಿ. ಕೆಳಗ ನಿಮ್ಮ ಸಹಿ ಬೇಕು, ನೀಲಗಂಗವ್ವಾ." ಎರಡು ವರ್ಷದ ಹಿಂದೆ ಸುಳ್ಳಿಗೆ ಹಾಕಿದ ಸಹಿಯ ಪುಟದ ಎದುರು ಪುಟದಲ್ಲೇ ಸಹಿ ಹಾಕಿದೆ.

ಬಾಗಿಲ ಹತ್ತಿರ ಹೋದವಳನ್ನು ನಿಲ್ಲಿಸಿ ಅವರು ಒಂದು ಮಾತು ಅಂದರು. "ಎರಡ ದಿನ ಮೊದಲ ಹೇಳಬೇಕಿತ್ರಿ." ಅಷ್ಟೇ. ಅದಕ್ಕಿಂತ ಬೈಗುಳ ಹಗುರಾಗಿರುತ್ತಿತ್ತು.

ಕಣಜದಿಂದ ಮದ್ದು ಗಾಳಿಬಂಡಿಯಲ್ಲಿ ಅದೇ ಮಧ್ಯಾಹ್ನ ಬಂತು. ಗಾಳಿಬಂಡಿ ಎಂದರೆ ಗುಡ್ಡದಿಂದ ಗುಡ್ಡಕ್ಕೆ ಗಾಳಿಯ ಬಲದಿಂದ ತಂತಿಯ ಮೇಲೆ ಓಡುವ ಪೆಟ್ಟಿಗೆ. ಅದು ಬರುವುದು ದೂರದಿಂದಲೇ ಕಾಣುತ್ತದೆ. ನಾನು ಬಿಸಿಲಲ್ಲಿ ನಿಂತು ಆ ಚುಕ್ಕೆ ದೊಡ್ಡದಾಗುವುದನ್ನೇ ನೋಡಿದೆ, ಗಾಳಿ ನಿಂತೀತೆಂಬ ಭಯದಲ್ಲಿ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಮೂರನೆಯ ಮೆಟ್ಟಿಲಿನ ಮದ್ದು ಒಳಗೆ ಇಳಿದದ್ದು ಮೂರು ಗಂಟೆಗೆ. ನಿನ್ನೆ ಸಂಜೆಯವರೆಗೆ ಏನೂ ಗೊತ್ತಾಗಲಿಲ್ಲ. ಮಗುವಿನ ಹಣೆ ಮುಟ್ಟಿ ಮುಟ್ಟಿ ನನ್ನ ಕೈಗೆ ಬಿಸಿ ಯಾವುದು ತಂಪು ಯಾವುದು ಎಂಬುದೇ ಮರೆತುಹೋಗಿತ್ತು. ಇವತ್ತು ಬೆಳಿಗ್ಗೆ ನೂರು. ಬಾಯಾರು ಎರಡು ಸಲ ಅಳೆದು ನೋಡಿದರು. ಎರಡು ಸಲವೂ ನೂರು.

ಪೂರ್ತಿ ಗೆದ್ದೆವು ಎನ್ನುವಂತಿಲ್ಲ. ಸ್ಕ್ಯಾನಿನಲ್ಲಿ ಎಡಗಡೆಯ ಕಿಡ್ನಿ ಊದಿಕೊಂಡಿದೆ. ಊತ ಇಳಿದ ಮೇಲೆ ಕಲೆ ಉಳಿಯುತ್ತದೋ ಇಲ್ಲವೋ ಆರು ತಿಂಗಳ ನಂತರ ಇನ್ನೊಂದು ಬಗೆಯ ಸ್ಕ್ಯಾನ್ ಮಾಡಿ ನೋಡಬೇಕಂತೆ. ಕಲೆ ಉಳಿದರೆ ಅದು ಅವಳ ಜೊತೆಗೇ ಬೆಳೆಯುತ್ತದೆ, ದೊಡ್ಡವಳಾದಾಗ ರಕ್ತದೊತ್ತಡ ಬರಬಹುದು, ಬಸಿರಾದಾಗ ತೊಂದರೆ ಕೊಡಬಹುದು. ಆರು ತಿಂಗಳು ನಾನು ಹೇಗೆ ಕೂರಲಿ? ಈಗಲೇ ಈ ಕಟ್ಟೆಯ ಮೇಲೆ ಒಂದು ಗಳಿಗೆ ನೆಟ್ಟಗೆ ಕೂರಲಾಗುತ್ತಿಲ್ಲ. ಶಾಂಭವಿಗೆ ಸುದ್ದಿ ಮುಟ್ಟಿದೆ, ನಾಡಿದ್ದು ಬರುತ್ತಾಳೆ. ಅವಳಿಗೆ ನಾನೇ ಬಾಯಿಬಿಟ್ಟು ಹೇಳುತ್ತೇನೆ. ಅವಳು ಮಗುವನ್ನು ಕರೆದುಕೊಂಡು ಹೋಗುತ್ತೇನೆ ಎಂದರೆ ಬೇಡ ಎನ್ನಲು ನನಗೆ ಬಾಯಿಲ್ಲ. ಗಂಟೆಯನ್ನು ನಿನ್ನೆಯೇ ಶಾಲೆಗೆ ಒಪ್ಪಿಸಿ ಬಂದೆ. ಒಂದು ತಾಸಿನ ಕೆಲಸ ಅದು, ದವಾಖಾನೆಗೆ ಮರಳುವ ದಾರಿ ಬಹಳ ಉದ್ದವಾಗಿತ್ತು. ಗಂಟೆ ಕೊಡುವಾಗ, ಮುಂದಾಳುಗಳು ಮೊದಲು ಹೋಗಲಿ, ಆಮೇಲೆ ಬಾಗಿಲು ಹಿಡಿಯಲಿ ಎಂದು ಹೇಳಿ ಬಂದಿದ್ದೇನೆ. ಹತ್ತೊಂಬತ್ತು ವರ್ಷ ಹೊಳೆಯದ ಮಾತು.

ಇವತ್ತು ಗಂಜಿ ಕುಡಿಸಿದ ಮೇಲೆ ಚಿತ್ಕಳಾಳ ಪಕ್ಕ ಕೂತು ಅವಳಿಗೂ ಹೇಳಿದೆ. ಗುಳಿಗೆ ಬಚ್ಚಿಟ್ಟದ್ದು, ಬಾಯಾರಿಗೆ ಸುಳ್ಳು ಹೇಳಿದ್ದು, ಅದರಿಂದ ಅವಳಿಗೆ ಎರಡು ದಿನ ಹೆಚ್ಚು ನೋವಾಯಿತು ಎಂಬುದು. ಅವಳು ನನ್ನ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು.

"ನಾನೂ ಸುಳ್ಳ ಹೇಳೇನಿ, ಆಯಿ. ನೀ ದಿನಾ ಸಂಜೀಕ ಕೇಳ್ತಿದ್ದಿ, ಹೋಗಿದ್ದೇನಂತ. ಹೋಗೇನಿ ಅಂತಿದ್ದೆ. ಹೋಗಿಲ್ಲಂದ್ರ ನಿನಗ ಮಂದಿಯೊಳಗ ನಾಚಿಕಿ ಅಕ್ಕೇತಲ್ಲ."

ಏಳು ವರ್ಷದ ಮಗು, ತಾಯೀ. ನನ್ನ ಮರ್ಯಾದೆಯನ್ನು ತನ್ನ ಪುಟ್ಟ ಹೊಟ್ಟೆಯಲ್ಲಿ ಹಿಡಿದುಕೊಂಡು ಮೂವತ್ತು ದಿನ ಓಡಾಡಿದೆ. ಅವಳ ಕಾಲು ಹಿಡಿದುಕೊಂಡು ಕೂತೆ.

ಹಾಗಾಗಿ ನಿನ್ನ ಮೇಲಿನ ನನ್ನ ಸಿಟ್ಟು ಮುಗಿಯಿತು. ಈಗ ನಾನೂ ಅರ್ಧ ಬಾಟಲಿಯವಳೇ, ನಾವಿಬ್ಬರೂ ಒಂದೇ ಓಣಿ. ಅದೇ ಸಲಿಗೆಯಿಂದ ಕೇಳಿಕೊಳ್ಳುತ್ತೇನೆ. ಫ್ರಿಜ್ಜಿನ ಬಾಗಿಲಲ್ಲಿರುವ ಬಾಟಲಿಯನ್ನು ಇವತ್ತೇ ಔಷಧಿ ಅಂಗಡಿಯವರಿಗೋ ಆಸ್ಪತ್ರೆಗೋ ಮರಳಿಸು. ಮಗುವಿಗೆ ನೆಗಡಿ ಕೆಮ್ಮು ಏನೂ ಇಲ್ಲದೆ ಜ್ವರ ಬಂದರೆ, ಉರಿ ಎಂದು ಅತ್ತರೆ, ಬಿಟ್ಟುಹೋದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಉಷ್ಣ ಎಂದು ದಿನ ತಳ್ಳಬೇಡ. ಮಾತು ಬಾರದ ಕೂಸಿಗೆ ಬರಿ ಜ್ವರ ಮತ್ತು ಹಟವಷ್ಟೇ ಕಾಣುತ್ತದೆ, ಅದನ್ನೂ ಮರೆಯಬೇಡ. ಮದ್ದಿಗೆ ಮೊದಲು ಮೂತ್ರ ಪರೀಕ್ಷೆ ಮಾಡಿಸು, ಕೊಟ್ಟ ಮದ್ದನ್ನು ಡಾಕ್ಟರು ಹೇಳಿದಷ್ಟು ದಿನವೂ ಕೊಟ್ಟು ಮುಗಿಸು. ಏನಾದರೂ ತಪ್ಪು ಮಾಡಿದ್ದರೆ, ಮಾಡಿಯೇ ಇರುತ್ತೀ, ಕೇಳಿದ ತಕ್ಷಣ ಹೇಳಿಬಿಡು. ನಿನ್ನ ಮಗಳು ಶಾಲೆಯಿಂದ ಬಂದಾಗ ಮಾರ್ಕ್ಸು ಕೇಳುವ ಮೊದಲು, ಇವತ್ತು ಒಂದಕ್ಕೆ ಹೋಗಿದ್ದೆಯಾ ಎಂದು ಕೇಳು. ಇಲ್ಲ ಎಂದು ಹೇಳಲು ಅವಳಿಗೆ ಹೆದರಿಕೆಯಾಗದ ಹಾಗೆ ಕೇಳು. ಶಾಲೆಯಲ್ಲಿ ನೀರಿಲ್ಲ, ಬಾಗಿಲಿಲ್ಲ ಎಂದರೆ ನಾಳೆಯೇ ಹೋಗಿ ಜಗಳ ಆಡು, ನನ್ನ ಹೆಸರು ಹೇಳಿ ಆಡು.

ಇನ್ನೂ ಎರಡು ಹಾಳೆ ಉಳಿದಿವೆ. ಹೇಳಬೇಕಾದದ್ದೂ ಇದೆ. ಆದರೆ ಒಳಗಿನಿಂದ, "ಆಯೀ, ಲಗೂನ ಬಾ, ಒಂದಕ್ಕ ಬಂದೇತಿ!" ಎಂದು ಕೂಗುತ್ತಿದ್ದಾಳೆ. ಎಷ್ಟು ಗಟ್ಟಿಯಾಗಿ ಕೂಗುತ್ತಿದ್ದಾಳೆ ನೋಡು, ಓಣಿಯ ಮಂದಿಯೆಲ್ಲ ತಿರುಗಿ ನೋಡುತ್ತಿದ್ದಾರೆ. ನೋಡಲಿ. ಕಾಗದ ಇಲ್ಲಿಗೇ ನಿಲ್ಲಿಸುತ್ತೇನೆ, ಸಿಟ್ಟಾಗಬೇಡ. ನೀನು ಕಾಯಬಹುದು, ಅವಳು ಇನ್ನು ಒಂದು ಗಳಿಗೆಯೂ ತಡೆದುಕೊಳ್ಳಬಾರದು.

ನೀಲಗಂಗವ್ವ